ಹಳೆಯ ಸ್ಟೀರಿಯೊ ರಿಸೀವರ್ ದುರಸ್ತಿ: ಮಂಡ್ಯ ಸೀಮೆಯ ಹೊಸಬರಿಗೆ

ಆಕಾಶವಾಣಿಯ ತರಂಗಗಳನ್ನು ಹಿಡಿಯುವ ಟ್ಯೂನರ್, ಸಣ್ಣ ಸಂಕೇತವನ್ನು ಹದಗೊಳಿಸುವ ಪ್ರೀ-ಆಂಪ್ಲಿಫೈಯರ್ ಹಾಗೂ ಸ್ಪೀಕರನ್ನು ದುಡಿಸುವಷ್ಟು ಬಲ ಒದಗಿಸುವ ಪವರ್ ಆಂಪ್ಲಿಫೈಯರ್, ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡು, ಎಡ ಮತ್ತು ಬಲ ಎಂಬ ಎರಡು ಪ್ರತ್ಯೇಕ ದಾರಿಗಳಲ್ಲಿ ಧ್ವನಿಯನ್ನು ಸಾಗಿಸುವ ಉಪಕರಣವನ್ನು ಸ್ಟೀರಿಯೊ ರಿಸೀವರ್ ಎನ್ನುತ್ತಾರೆ. 1970 ಮತ್ತು 80ರ ದಶಕಗಳಲ್ಲಿ ತಯಾರಾದ ಪಯೊನಿಯರ್, ಸಾನ್ಸುಯಿ, ಮರಾಂಟ್ಜ್, ಅಕಾಯ್ ಮುಂತಾದ ವಿದೇಶಿ ಹೆಸರಿನ ಸೆಟ್ಟುಗಳು ಕೊಲ್ಲಿ ದೇಶಗಳಲ್ಲಿ ದುಡಿದು ಮರಳಿದವರ ಸಾಮಾನಿನೊಂದಿಗೆ ಇಲ್ಲಿಗೆ ಬಂದರೆ, ಕಾಸ್ಮಿಕ್, ಸೊನೊಡೈನ್ ಮೊದಲಾದವು ದೇಶದೊಳಗೇ ತಯಾರಾದವು. ಇಂದು ಅವು ಮನೆಯ ಅಟ್ಟದಲ್ಲೋ, ಗುಜರಿ ಅಂಗಡಿಯ ಮೂಲೆಯಲ್ಲೋ ಸಿಗುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮಟ್ಟಿಗೆ ಇವುಗಳಿಗಿಂತ ಹೆಚ್ಚು ಪರಿಚಿತವಾದುದು ಮದುವೆ, ಜಾತ್ರೆ, ನಾಟಕಗಳಿಗೆ ಮೈಕ್ ಸೆಟ್ ಹಾಕುವವರ ಅಹುಜಾ ಆಂಪ್ಲಿಫೈಯರ್. ಅದು ಸ್ಟೀರಿಯೊ ಅಲ್ಲದಿದ್ದರೂ ಅದರ ದುರಸ್ತಿಯ ಬಹುಪಾಲು ಕ್ರಮ ಇಲ್ಲಿ ಹೇಳುವಂತೆಯೇ ಇರುತ್ತದೆ.

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಒಂದು ರಾಶಿ ಕಂಡೆನ್ಸರ್ ತಂದು, ಹಳೆಯದನ್ನೆಲ್ಲ ಒಂದೇ ದಿನ ಕಿತ್ತು ಹೊಸದನ್ನು ಕೂರಿಸುವುದು. ರಿಪೇರಿಯಾಗಬಹುದಾಗಿದ್ದ ಸೆಟ್ಟು ಗುಜರಿಗೆ ಮರಳುವುದು ಹೆಚ್ಚಾಗಿ ಈ ಉತ್ಸಾಹದಿಂದಲೇ. ಏಕೆಂದರೆ ಮೂಲದ ಒಂದು ದೋಷದ ಮೇಲೆ ತಪ್ಪು ಬೆಸುಗೆ, ತಿರುಗಿದ ಧ್ರುವ, ಎದ್ದುಹೋದ ತಾಮ್ರದ ಪಟ್ಟಿ ಇವೆಲ್ಲ ಸೇರಿಕೊಂಡ ಮೇಲೆ ಯಾವುದು ಹಳೆಯ ರೋಗ, ಯಾವುದು ಹೊಸ ಗಾಯ ಎಂದು ಬೇರ್ಪಡಿಸುವುದು ನುರಿತವರಿಗೂ ಕಷ್ಟವಾಗುತ್ತದೆ. ಸ್ಟೀರಿಯೊ ಸೆಟ್ಟು ಕಲಿಯುವವರಿಗೆ ಒದಗಿಸುವ ಒಂದು ದೊಡ್ಡ ಅನುಕೂಲವನ್ನು ಈ ಆತುರದಲ್ಲಿ ಮರೆಯಲಾಗುತ್ತದೆ: ಅದರೊಳಗೆ ಒಂದೇ ನಕ್ಷೆಯ ಎರಡು ಆಂಪ್ಲಿಫೈಯರುಗಳಿದ್ದು, ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಕೆಟ್ಟಿರುತ್ತದೆ. ಸರ್ವಿಸ್ ಮ್ಯಾನ್ಯುಯಲ್ ಸಿಗದ ಕಡೆಯಲ್ಲಿ, ಸರಿಯಾಗಿರುವ ಚಾನೆಲ್ಲೇ ಕೆಟ್ಟ ಚಾನೆಲ್ಲಿಗೆ ಮ್ಯಾನ್ಯುಯಲ್.

ಪ್ಲಗ್ ಹಾಕುವ ಮೊದಲು ಸೆಟ್ಟಿನ ಹಿಂಬದಿಯನ್ನು ಓದಬೇಕು. ಭಾರತದ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಜಪಾನಿನ ಒಳಮಾರುಕಟ್ಟೆಗೆಂದು ತಯಾರಾದ ಸೆಟ್ಟು 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ಬೇರೆ ದೇಶಗಳಿಗೆ ರಫ್ತಾದ ಎಷ್ಟೋ ಸೆಟ್ಟುಗಳ ಹಿಂದೆ 110, 120, 220, 240 ಎಂದು ಗುರುತಿರುವ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. 120 ವೋಲ್ಟಿನ ಸೆಟ್ಟಿಗೆ ನೇರವಾಗಿ 230 ವೋಲ್ಟ್ ಕೊಟ್ಟರೆ ಫ್ಯೂಸ್ ಹೋಗುವುದು ಅದೃಷ್ಟದ ಲಕ್ಷಣ. ಫ್ಯೂಸಿನ ಜಾಗದಲ್ಲಿ ಯಾರೋ ಹಿಂದೆ ತಾಮ್ರದ ಎಳೆ ಸುತ್ತಿಟ್ಟಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ. ಇಂತಹ ಸೆಟ್ಟಿಗೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸೆಟ್ಟಿನ ಮೇಲೆ ಬರೆದಿರುವ ವಾಟ್‌ಗಿಂತ ಕನಿಷ್ಠ ಒಂದೂವರೆ ಪಟ್ಟು ಶಕ್ತಿಯದನ್ನು ಕೊಳ್ಳುವುದು ಒಳ್ಳೆಯದು. 60 ಹರ್ಟ್ಸ್ ಎಂದಷ್ಟೇ ಬರೆದಿರುವ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸಿನಲ್ಲಿ ಹೆಚ್ಚು ಬಿಸಿಯಾಗುತ್ತದೆಂಬುದೂ ನೆನಪಿನಲ್ಲಿರಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಗಿ, ಅದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳವರೆಗೆ ಹರಿದಿತ್ತು. ಆದರೂ ಅದೇ ಸೀಮೆಯ ಹಳ್ಳಿಗಳಲ್ಲಿ ವೋಲ್ಟೇಜ್ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲವೆಂಬುದು ಕಬ್ಬಿಗೆ, ಭತ್ತಕ್ಕೆ ಪಂಪ್‌ಸೆಟ್ಟಿನಿಂದ ನೀರು ಹಾಯಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ಇಳಿಯುವ ವೋಲ್ಟೇಜ್ ಅವು ನಿಂತೊಡನೆ ಏರುತ್ತದೆ. ಆದ್ದರಿಂದ ಮನೆಯ ಸಾಕೆಟ್ಟಿನ ವೋಲ್ಟೇಜನ್ನು ಬೆಳಿಗ್ಗೆ, ಸಂಜೆ, ರಾತ್ರಿ ಅಳೆದು ನೋಡಿ, ಅದು ಆಗಾಗ 230ನ್ನು ದಾಟುತ್ತಿದ್ದರೆ ಸೆಲೆಕ್ಟರನ್ನು 220ರಲ್ಲಿ ಬಿಡದೆ 240ಕ್ಕೆ ತಿರುಗಿಸುವುದು ಸೆಟ್ಟಿನ ಆಯಸ್ಸಿಗೆ ಹಿತ.

ಜೀವದ ಮಾತು ಇಲ್ಲಿಯೇ ಬರಬೇಕು. ಪ್ಲಗ್ ಕಿತ್ತ ಮೇಲೂ ಸೆಟ್ಟಿನೊಳಗಿನ ದೊಡ್ಡ ಫಿಲ್ಟರ್ ಕಂಡೆನ್ಸರುಗಳಲ್ಲಿ, ಅಂದರೆ ಎಸಿಯಿಂದ ಪರಿವರ್ತಿತವಾದ ಡಿಸಿ ವಿದ್ಯುತ್ತನ್ನು ಸಮಗೊಳಿಸುವ ಡಬ್ಬಿಯಾಕಾರದ ಭಾಗಗಳಲ್ಲಿ, ವಿದ್ಯುತ್ತು ಉಳಿದಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಚಟ್ ಎನ್ನಿಸಿ ಇಳಿಸುವ ರೂಢಿ ಕಂಡೆನ್ಸರಿಗೂ ಕಣ್ಣಿಗೂ ಅಪಾಯಕಾರಿ. 1000 ಓಮ್, 5 ವಾಟಿನ ರೆಸಿಸ್ಟರಿನ ಎರಡೂ ತುದಿಗಳಿಗೆ ಹೊದಿಕೆಯುಳ್ಳ ವೈರು ಬೆಸೆದು, ಅದನ್ನು ಒಂದೊಂದು ಕಂಡೆನ್ಸರಿನ ಎರಡು ತುದಿಗಳಿಗೆ ಒಂದು ನಿಮಿಷ ಹಿಡಿದು, ಮೀಟರಿನಲ್ಲಿ 1 ವೋಲ್ಟಿಗಿಂತ ಕಡಿಮೆಯೆಂದು ಖಚಿತವಾದ ಮೇಲಷ್ಟೇ ಕೈ ಹಾಕಬೇಕು. ವಾಲ್ವ್ ರೇಡಿಯೊಗಳ ಮಾತು ಬೇರೆ. ಅವುಗಳಲ್ಲಿ 250 ವೋಲ್ಟಿಗೂ ಮಿಕ್ಕಿದ ಡಿಸಿ ಇರುವುದರಿಂದಲೂ, ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರೇ ಇಲ್ಲದೆ ಲೋಹದ ಚಾಸಿಗೆ ನೇರವಾಗಿ ಮನೆಯ ಕರೆಂಟು ತಗುಲಿಕೊಂಡಿರುವುದರಿಂದಲೂ ಹೊಸಬರು ಅವುಗಳ ತಂಟೆಗೆ ಹೋಗದಿರುವುದೇ ಲೇಸು.

ಸಲಕರಣೆಗಳ ಪಟ್ಟಿ ದೊಡ್ಡದೇನಲ್ಲ: ಡಯೋಡ್ ಪರೀಕ್ಷೆಯ ಸೌಲಭ್ಯವಿರುವ ಮಲ್ಟಿಮೀಟರ್, 25 ವಾಟಿನ ಸೋಲ್ಡರಿಂಗ್ ಐರನ್, 60/40 ಸೀಸದ ತಂತಿ, ಹಳೆಯ ಬೆಸುಗೆ ಹೀರುವ ಪಂಪು, ಕಾಂಟ್ಯಾಕ್ಟ್ ಕ್ಲೀನರ್, ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆಯ ಬಣ್ಣದ ಕುಂಚ. ಇವುಗಳ ಜೊತೆಗೆ ಕೈಯಾರೆ ಮಾಡಿಕೊಳ್ಳಬೇಕಾದ ಒಂದು ವಸ್ತುವೆಂದರೆ ಸೀರೀಸ್ ಬೋರ್ಡ್, ಅಂದರೆ ಸಾಕೆಟ್ಟಿಗೆ ಹೋಗುವ ಫೇಸ್ ತಂತಿಯ ನಡುವೆ 60 ಅಥವಾ 100 ವಾಟಿನ ಹಳೆಯ ತಂತಿಬಲ್ಬನ್ನು ಸೇರಿಸಿದ ಹಲಗೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ಮೋಟಾರು ವೈಂಡಿಂಗ್ ಮಾಡುವವರ ಬಳಿ ಇಂತಹ ಹಲಗೆ ಸಾಮಾನ್ಯವಾಗಿ ಇರುವುದರಿಂದ ಒಮ್ಮೆ ನೋಡಿಕೊಂಡು ಬಂದರೆ ಕಟ್ಟುವುದು ಸುಲಭ.

ಮುಚ್ಚಳ ತೆಗೆದೊಡನೆ ಎಲ್ಲ ಕಡೆಯಿಂದಲೂ ಫೋಟೊ ತೆಗೆದಿಟ್ಟುಕೊಳ್ಳಬೇಕು; ಯಾವ ವೈರು ಎಲ್ಲಿತ್ತು ಎಂಬ ಪ್ರಶ್ನೆಗೆ ಮುಂದೆ ನೆರವಾಗುವುದು ಅದೊಂದೇ. ನಾಲೆ ಬಯಲಿನ ತೇವ, ಗದ್ದೆಯ ಹುಳುಹುಪ್ಪಟೆ, ಕೆಲವು ಊರುಗಳಲ್ಲಿ ಆಲೆಮನೆಯ ಹೊಗೆ ಇವೆಲ್ಲ ಸೇರಿ ಈ ಸೀಮೆಯ ಸೆಟ್ಟುಗಳ ಒಳಗೆ ಬರಿಯ ಧೂಳಿಗಿಂತ ಅಂಟಾದ ಒಂದು ಪದರ ಕಟ್ಟಿರುತ್ತದೆ. ಗಾಳಿಕಿಂಡಿಯ ಒಳಮಗ್ಗುಲಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಸರ್ಕ್ಯೂಟ್ ಬೋರ್ಡಿನ ಮೇಲೆ ಒಣಗಿದ ಹಲ್ಲಿ, ಹಲ್ಲಿಯ ಹಿಕ್ಕೆ ಕಾಣುವುದು ಅಪರೂಪವಲ್ಲ. ಇವನ್ನು ಅಸಹ್ಯವೆಂದಷ್ಟೇ ತೆಗೆಯುವುದಲ್ಲ: ಮಳೆಗಾಲದಲ್ಲಿ ತೇವ ಹೀರಿದ ಮಣ್ಣು ಮತ್ತು ಹಿಕ್ಕೆ ಎರಡು ತಾಮ್ರದ ಪಟ್ಟಿಗಳ ನಡುವೆ ಕರೆಂಟು ಸೋರಲು ದಾರಿ ಮಾಡಿಕೊಟ್ಟು, ಬೇಸಿಗೆಯಲ್ಲಿ ಚೆನ್ನಾಗಿ ಹಾಡಿದ ಸೆಟ್ಟು ಆಷಾಢದಲ್ಲಿ ಗೊರಗುಟ್ಟುವಂತೆ ಮಾಡುತ್ತದೆ. ಒಣ ಕುಂಚದಿಂದ ಮೊದಲು ಗುಡಿಸಿ, ಉಳಿದ ಅಂಟನ್ನು ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಆದರೆ ಸ್ಟೇಷನ್ನುಗಳ ಅಂಕಿ ಬರೆದಿರುವ ಡಯಲ್ ಗಾಜಿನ ಹಿಂಬದಿಗೆ ಆಲ್ಕೊಹಾಲ್ ಸೋಕಿಸಕೂಡದು. ಅಂಕಿಗಳು ಬಟ್ಟೆಗೆ ಬಂದುಬಿಡುತ್ತವೆ, ಅವನ್ನು ಮತ್ತೆ ಬರೆಯುವ ದಾರಿಯಿಲ್ಲ.

ಬಿರಡೆ ತಿರುಗಿಸಿದಾಗ ಕರಕರ ಎನ್ನುವುದು, ಒಂದು ಕಡೆಯ ಧ್ವನಿ ಬಂದು ಹೋಗಿ ಮಾಡುವುದು, ಸ್ವಿಚ್ಚನ್ನು ಅಲ್ಲಾಡಿಸಿದರೆ ಸರಿಹೋಗುವುದು, ಇವೆಲ್ಲ ಭಾಗಗಳು ಕೆಟ್ಟಿರುವುದಕ್ಕಿಂತ ಹೆಚ್ಚಾಗಿ ಒಳಗಿನ ಲೋಹದ ಸಂಪರ್ಕಗಳು ಕಿಲುಬು ಹಿಡಿದಿರುವುದರ ಲಕ್ಷಣ. ವಾಲ್ಯೂಮ್ ಕಂಟ್ರೋಲಿನ ಹಿಂದಿರುವ ಸಣ್ಣ ಕಂಡಿಯೊಳಗೆ ಕಾಂಟ್ಯಾಕ್ಟ್ ಕ್ಲೀನರನ್ನು ಒಂದು ಚೂರು ಸಿಂಪಡಿಸಿ, ಬಿರಡೆಯನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಬಾರಿ ತಿರುಗಿಸಿದರೆ ಎಷ್ಟೋ ಸೆಟ್ಟುಗಳ ದುರಸ್ತಿ ಅಲ್ಲಿಗೇ ಮುಗಿಯುತ್ತದೆ. ಟ್ಯೂನರಿನ ತಗಡು ಕಂಡೆನ್ಸರ್ ಮತ್ತು ಅದರ ಸುತ್ತಲಿನ ಕಾಯಿಲುಗಳಿಗೆ ಮಾತ್ರ ಏನನ್ನೂ ಸಿಂಪಡಿಸಬಾರದು. ಅಲ್ಲಿರುವ ಬಣ್ಣ ಬಣ್ಣದ ತಿರುಪುಗಳು ಸಡಿಲವಾದಂತೆ ಕಂಡರೂ ಅವನ್ನು ಬಿಗಿಗೊಳಿಸುವ ಆಸೆಯನ್ನು ತಡೆದುಕೊಳ್ಳಬೇಕು. ಅವು ಕಾರ್ಖಾನೆಯಲ್ಲಿ ಉಪಕರಣವಿಟ್ಟು ಹೊಂದಿಸಿದವು, ಕೈಯಳತೆಯಿಂದ ಮತ್ತೆ ಕೂಡಿಸಲಾಗದು.

ಸೆಟ್ಟು ಮೂಕವಾಗಿದೆಯೆಂದು ಬೋರ್ಡು ಬಿಚ್ಚುವ ಮೊದಲು ದೋಷವಲ್ಲದ ಮೂರು ದೋಷಗಳನ್ನು ನೋಡಬೇಕು. ಮುಂಭಾಗದ ಟೇಪ್ ಮಾನಿಟರ್ ಗುಂಡಿ ಒತ್ತಿಕೊಂಡಿದ್ದರೆ ಸೆಟ್ಟು ಇಲ್ಲದ ಟೇಪ್ ಡೆಕ್ಕಿನಿಂದ ಧ್ವನಿ ಬರಲೆಂದು ಕಾಯುತ್ತದೆ. ಸ್ಪೀಕರ್ ಆಯ್ಕೆಯ ಬಿರಡೆ ಆಫ್‌ನಲ್ಲಿದ್ದರೆ ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತದೆ. ಹಿಂಬದಿಯಲ್ಲಿ ಪ್ರೀ-ಔಟ್ ಮತ್ತು ಮೇನ್-ಇನ್ ಎಂಬ ತೂತುಗಳನ್ನು ಜೋಡಿಸುವ ಯು ಆಕಾರದ ಲೋಹದ ತುಂಡು ಬಿದ್ದುಹೋಗಿದ್ದರೆ ಸೆಟ್ಟಿನ ಮೊದಲರ್ಧಕ್ಕೂ ಎರಡನೆಯ ಅರ್ಧಕ್ಕೂ ಸಂಬಂಧವೇ ಇರುವುದಿಲ್ಲ.

ವರ್ಷಗಳ ಕಾಲ ಸುಮ್ಮನಿದ್ದ ಸೆಟ್ಟಿಗೆ ಮೊದಲ ಕರೆಂಟನ್ನು ಸ್ಪೀಕರ್ ಜೋಡಿಸದೆ, ಸೀರೀಸ್ ಬೋರ್ಡಿನ ಮೂಲಕವೇ ಕೊಡಬೇಕು. ಸ್ವಿಚ್ ಹಾಕಿದೊಡನೆ ಬಲ್ಬು ಒಮ್ಮೆ ಪ್ರಕಾಶವಾಗಿ ಉರಿದು ಮಂಕಾದರೆ, ಫಿಲ್ಟರ್ ಕಂಡೆನ್ಸರುಗಳು ತುಂಬಿಕೊಂಡು ಸೆಟ್ಟು ಸ್ಥಿಮಿತಕ್ಕೆ ಬಂದಿದೆಯೆಂದು ತಿಳಿಯಬಹುದು. ಬಲ್ಬು ಪೂರ್ಣ ಬೆಳಕಿನಲ್ಲೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ. ಆ ಕರೆಂಟನ್ನು ಬಲ್ಬು ತಾನು ನುಂಗಿಕೊಂಡದ್ದರಿಂದ ಟ್ರಾನ್ಸ್‌ಫಾರ್ಮರ್ ಉಳಿದುಕೊಂಡಿರುತ್ತದೆ.

ಮುಂದಿನ ಪರೀಕ್ಷೆ ಸ್ಪೀಕರ್ ತುದಿಗಳಲ್ಲಿರುವ ಡಿಸಿ ವೋಲ್ಟೇಜಿನದು. ಧ್ವನಿ ಎಸಿ ರೂಪದ್ದು. ಧ್ವನಿಯಿಲ್ಲದ ವೇಳೆಯಲ್ಲಿ ಆ ತುದಿಗಳಲ್ಲಿ ಡಿಸಿ ಸೊನ್ನೆಯ ಹತ್ತಿರವಿರಬೇಕು. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ಕಾರಣ ಹುಡುಕಬೇಕು, ವೋಲ್ಟುಗಳ ಲೆಕ್ಕದಲ್ಲಿದ್ದರೆ ಸ್ಪೀಕರ್ ಜೋಡಿಸುವ ಮಾತೇ ಇಲ್ಲ. ಅನೇಕ ಸೆಟ್ಟುಗಳಲ್ಲಿ ಸ್ವಿಚ್ ಹಾಕಿದ ಕೆಲವು ಸೆಕೆಂಡುಗಳ ಬಳಿಕ ಟಿಕ್ ಎಂದು ಕೂಡಿಕೊಳ್ಳುವ ರಕ್ಷಣಾ ರಿಲೇ ಇರುತ್ತದೆ. ಅದು ಕೂಡಿಕೊಳ್ಳದಿದ್ದರೆ ಸ್ಪೀಕರ್ ತುದಿಯಲ್ಲಿ ಸೊನ್ನೆ ತೋರಿಸುತ್ತದೆಯಾದರೂ ದೋಷ ರಿಲೇಯ ಹಿಂದೆ ಅಡಗಿರುತ್ತದೆ. ಆಗ ಅಳೆಯಬೇಕಾದುದು ಔಟ್‌ಪುಟ್ ಟ್ರಾನ್ಸಿಸ್ಟರುಗಳ ಎಮಿಟರ್ ರೆಸಿಸ್ಟರುಗಳು, ಅಂದರೆ ಅರ್ಧ ಓಮಿಗಿಂತ ಕಡಿಮೆ ಬೆಲೆಯ ಬಿಳಿ ಸಿಮೆಂಟ್ ರೆಸಿಸ್ಟರುಗಳು, ಒಂದಕ್ಕೊಂದು ಸೇರುವ ನಡುಬಿಂದುವಿನಲ್ಲಿ.

ಉದಾಹರಣೆಗೆ, ಧನ 35 ಮತ್ತು ಋಣ 35 ವೋಲ್ಟಿನ ಪೂರೈಕೆಯಿರುವ ಸೆಟ್ಟಿನಲ್ಲಿ ಎಡ ಚಾನೆಲ್ಲಿನ ನಡುಬಿಂದು 12 ಮಿಲಿವೋಲ್ಟ್ ತೋರಿಸಿ, ಬಲದ್ದು 34 ವೋಲ್ಟ್ ತೋರಿಸಿತೆಂದುಕೊಳ್ಳೋಣ. ಬಲಗಡೆಯಲ್ಲಿ ಧನ ಪೂರೈಕೆಗೆ ಸೇರಿದ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ಕರೆಂಟು ತೆಗೆದು, ಕಂಡೆನ್ಸರುಗಳನ್ನು ಬರಿದು ಮಾಡಿ, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಎಡಗಡೆಯ ಅದೇ ಟ್ರಾನ್ಸಿಸ್ಟರಿನ ಮೂರು ಕಾಲುಗಳನ್ನು ಮೊದಲು ಅಳೆದು ಬರೆದುಕೊಳ್ಳಬೇಕು. ಬೇಸಿನಿಂದ ಉಳಿದೆರಡು ಕಾಲುಗಳಿಗೆ ಒಂದು ದಿಕ್ಕಿನಲ್ಲಿ ಸುಮಾರು 0.6 ತೋರಿಸುವುದು ಆರೋಗ್ಯದ ಗುರುತು. ಬಳಿಕ ಬಲಗಡೆಯದನ್ನು ಅಳೆದಾಗ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಮೀಟರು ಎರಡೂ ದಿಕ್ಕಿಗೆ ಕೂಗಿದರೆ ಅಪರಾಧಿ ಸಿಕ್ಕಂತಾಯಿತು. 2ಎನ್3055ರಂತಹ ಲೋಹದ ಟೋಪಿಯ ಟ್ರಾನ್ಸಿಸ್ಟರಿನಲ್ಲಿ ಮೂರನೆಯ ಕಾಲು ಕಾಣುವುದಿಲ್ಲ. ಅದರ ಮೈಯೇ ಕಲೆಕ್ಟರ್.

ಇಷ್ಟಕ್ಕೇ ಹೊಸದನ್ನು ತಂದು ಕೂರಿಸಿದರೆ ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟುಹೋಗಬಹುದು. ಔಟ್‌ಪುಟ್ ಟ್ರಾನ್ಸಿಸ್ಟರ್ ಸಾಯುವಾಗ ತನ್ನನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರನ್ನೂ, ಎಮಿಟರ್ ರೆಸಿಸ್ಟರನ್ನೂ ಜೊತೆಗೊಯ್ಯುವುದು ಸಾಮಾನ್ಯವಾದ್ದರಿಂದ ಆ ಸಾಲಿನ ಪ್ರತಿಯೊಂದು ಭಾಗವನ್ನೂ ಎಡಗಡೆಯ ಜೋಡಿಯೊಂದಿಗೆ ಹೋಲಿಸಿ ನೋಡಬೇಕು. ಅಳತೆ ಹೊಂದದಿದ್ದರೆ ಆ ಭಾಗವನ್ನು ಬೋರ್ಡಿನಿಂದ ಬಿಡಿಸಿ ಮತ್ತೊಮ್ಮೆ ಅಳೆಯಬೇಕು. ಟ್ರಾನ್ಸಿಸ್ಟರಿಗೂ ಅಲ್ಯುಮಿನಿಯಂ ಹೀಟ್‌ಸಿಂಕಿಗೂ ನಡುವೆ ಇರುವ ತೆಳ್ಳನೆಯ ಅಭ್ರಕದ ಹಾಳೆಯನ್ನು ಹರಿಯದಂತೆ ಬಿಡಿಸಿ, ಎರಡೂ ಬದಿಗೆ ಬಿಳಿ ಹೀಟ್‌ಸಿಂಕ್ ಪೇಸ್ಟನ್ನು ತೆಳುವಾಗಿ ಸವರಿ ಮರಳಿ ಕೂರಿಸಿದ ಮೇಲೆ, ಟ್ರಾನ್ಸಿಸ್ಟರಿನ ಮೈಗೂ ಹೀಟ್‌ಸಿಂಕಿಗೂ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡು ಮತ್ತೆ ಸೀರೀಸ್ ಬೋರ್ಡಿನಿಂದಲೇ ಆರಂಭಿಸಬೇಕು.

ಶಾರ್ಟ್ ಇಲ್ಲದೆ ಒಂದು ಕಡೆ ಮೌನವಾಗಿದ್ದರೆ ಹೋಲಿಕೆಯ ಇನ್ನೊಂದು ಉಪಾಯವಿದೆ. ಇನ್‌ಪುಟ್ಟಿನ ಎಡ ಬಲ ವೈರುಗಳನ್ನು ಅದಲುಬದಲು ಮಾಡಿದಾಗ ಮೌನವೂ ಆ ಕಡೆಗೆ ಹೋದರೆ ದೋಷ ಸೆಟ್ಟಿನ ಹೊರಗಿದೆ. ಅಲ್ಲೇ ಉಳಿದರೆ ಸೆಟ್ಟಿನ ಒಳಗೋ ಆ ಕಡೆಯ ಸ್ಪೀಕರಿನಲ್ಲೋ ಇದೆ. ಪ್ರೀ-ಔಟ್ ಮತ್ತು ಮೇನ್-ಇನ್ ಇರುವ ಸೆಟ್ಟಿನಲ್ಲಿ ಅಲ್ಲಿಯೂ ಹೀಗೆಯೇ ಬದಲಿಸಿ ನೋಡಿದರೆ ದೋಷ ಯಾವ ಅರ್ಧದಲ್ಲಿದೆಯೆಂಬುದು ಬೋರ್ಡು ಮುಟ್ಟದೆಯೇ ತಿಳಿಯುತ್ತದೆ.

ಈಗ ಕಂಡೆನ್ಸರುಗಳ ವಿಷಯ. ಕೆಡುವವು ಮುಖ್ಯವಾಗಿ ಎಲೆಕ್ಟ್ರೊಲಿಟಿಕ್ ಎಂಬ, ಒಳಗೆ ದ್ರವವಿರುವ ಜಾತಿಯವು; ದ್ರವ ಒಣಗಿದಂತೆ ಸೆಟ್ಟಿನಲ್ಲಿ ಗುಂಯ್ ಎಂಬ ಹಮ್ ಹೆಚ್ಚುತ್ತದೆ, ಮಂದ್ರ ಧ್ವನಿ ಬಡವಾಗುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಇವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದರಿಂದ ಹೀಟ್‌ಸಿಂಕಿನ ಪಕ್ಕದವನ್ನು ಮೊದಲು ಅನುಮಾನಿಸಬೇಕು. ಸೆರಾಮಿಕ್, ಪಾಲಿಯೆಸ್ಟರ್ ಕಂಡೆನ್ಸರುಗಳು ಸಾಮಾನ್ಯವಾಗಿ ಬಾಳಿಕೆ ಬರುತ್ತವಾದ್ದರಿಂದ ಅವನ್ನು ಸುಮ್ಮನೆ ಬಿಡಬಹುದು. ಹೊಸದು ಅಷ್ಟೇ ಮೈಕ್ರೊಫ್ಯಾರಡಿನದು, ಅಷ್ಟೇ ಅಥವಾ ಹೆಚ್ಚಿನ ವೋಲ್ಟಿನದು, 105 ಡಿಗ್ರಿ ಎಂದು ಬರೆದದ್ದಾಗಿರಬೇಕು; ಒಂದನ್ನು ಕಿತ್ತು ಅದರ ಜಾಗಕ್ಕೆ ಒಂದನ್ನು ಧ್ರುವ ನೋಡಿ ಬೆಸೆದ ಮೇಲಷ್ಟೇ ಎರಡನೆಯದಕ್ಕೆ ಹೋಗಬೇಕು. ಒಂದು ಚಾನೆಲ್ ಮುಗಿಸಿ, ಸೆಟ್ಟನ್ನು ಹಾಡಿಸಿ ನೋಡಿ, ಆಮೇಲೆ ಇನ್ನೊಂದನ್ನು ಮುಟ್ಟುವುದು ಕ್ರಮ.

ಸಣ್ಣ ಪುಟ್ಟ ರೆಸಿಸ್ಟರ್, ಕಂಡೆನ್ಸರುಗಳು ಮಂಡ್ಯದಲ್ಲೇ ದೊರೆಯಬಹುದಾದರೂ ಹಳೆಯ ಔಟ್‌ಪುಟ್ ಟ್ರಾನ್ಸಿಸ್ಟರುಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ತಯಾರಿಕೆ ನಿಂತುಹೋದ ಜಪಾನಿ ಟ್ರಾನ್ಸಿಸ್ಟರುಗಳಲ್ಲೂ ಎಸ್‌ಟಿಕೆ ಸರಣಿಯ ಪವರ್ ಐಸಿಗಳಲ್ಲೂ ನಕಲಿಗಳು ಧಾರಾಳ. ಅಗ್ಗವಾಗಿ ಸಿಕ್ಕ ಅಪರೂಪದ ಭಾಗವನ್ನು ನಂಬುವುದಕ್ಕಿಂತ ಇಂದಿಗೂ ತಯಾರಾಗುತ್ತಿರುವ ಸಮಾನ ಭಾಗವನ್ನು ಹುಡುಕಿ, ಅದೇ ಚಾನೆಲ್ಲಿನ ಜೋಡಿ ಎರಡನ್ನೂ ಒಟ್ಟಿಗೆ ಬದಲಿಸುವುದು ಸುರಕ್ಷಿತ. ಟ್ರಾನ್ಸಿಸ್ಟರ್ ಬದಲಿಸಿದ ಮೇಲೆ ಬಯಾಸ್, ಅಂದರೆ ಧ್ವನಿಯಿಲ್ಲದಾಗಲೂ ಔಟ್‌ಪುಟ್ಟಿನಲ್ಲಿ ಹರಿಯುವ ಸಣ್ಣ ಕರೆಂಟು, ಹೊಂದಿಸಬೇಕಾಗುತ್ತದೆ. 0.33 ಓಮಿನ ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ಇದ್ದರೆ ಸುಮಾರು 30 ಮಿಲಿಆಂಪಿಯರ್ ಹರಿಯುತ್ತಿದೆಯೆಂದು ಲೆಕ್ಕ. ಹದಿನೈದು ನಿಮಿಷ ಬಿಸಿಯಾಗಲು ಬಿಟ್ಟು, ಮ್ಯಾನ್ಯುಯಲ್ ಇಲ್ಲದಿದ್ದರೆ ಒಳ್ಳೆಯ ಚಾನೆಲ್ಲಿನ ಅಳತೆಗೇ ಇದನ್ನೂ ಸರಿದೂಗಿಸಬಹುದು.

ಗುಣವಾದ ಸೆಟ್ಟಿಗೆ ಜೋಡಿಸುವ ಸ್ಪೀಕರು ಹಿಂಬದಿಯಲ್ಲಿ ಬರೆದಿರುವ ಓಮಿಗಿಂತ ಕಡಿಮೆಯದಾಗಿರಬಾರದು. ಮೈಕ್ ಸೆಟ್ಟಿನ ಹಾರ್ನು, ಕಾಲಂ ಸ್ಪೀಕರುಗಳು ಮನೆಯಲ್ಲಿದ್ದರೆ ಅವನ್ನು ಇದಕ್ಕೆ ತಗುಲಿಸುವ ಮನಸ್ಸಾಗುವುದು ಸಹಜ. ಆದರೆ ಆ ಸ್ಪೀಕರುಗಳಲ್ಲಿ ಹಲವು, ದೂರದವರೆಗೆ ವೈರು ಎಳೆಯಲೆಂದು ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಹೊಂದಿದ್ದು, ಆಂಪ್ಲಿಫೈಯರಿನ 70 ಅಥವಾ 100 ವೋಲ್ಟಿನ ತುದಿಗಳಿಗೆ ಮಾಡಿದವು. ಸ್ಟೀರಿಯೊ ರಿಸೀವರಿನಲ್ಲಿ ಅವು ಪಿಸುಗುಟ್ಟುತ್ತವೆ.

ಕೊನೆಗೆ ಉಳಿಯುವುದು ರೇಡಿಯೊ ಭಾಗ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಮೈಸೂರು ಮಂಡ್ಯದಿಂದ ಕೇವಲ 45 ಕಿ.ಮೀ. ದೂರದಲ್ಲಿದ್ದು, ಅಲ್ಲಿನ ಎಫ್‌ಎಂ 100.6 ಮೆಗಾಹರ್ಟ್ಸಿನಲ್ಲಿಯೂ, ಬೆಂಗಳೂರಿನ ವಿವಿಧ ಭಾರತಿ 102.9ರಲ್ಲಿಯೂ ಪ್ರಸಾರವಾಗುತ್ತವೆ. ಜಪಾನಿನ ಒಳಮಾರುಕಟ್ಟೆಯ ಹಳೆಯ ಸೆಟ್ಟಿನ ಎಫ್‌ಎಂ 76ರಿಂದ 90ರವರೆಗೆ ಮಾತ್ರ ಇರುವುದರಿಂದ ಈ ಎರಡೂ ಕೇಂದ್ರಗಳು ಅದರಲ್ಲಿ ಸಿಗುವುದಿಲ್ಲ. ಅದನ್ನು ದೋಷವೆಂದು ಭಾವಿಸಿ ಟ್ಯೂನರ್ ಬಿಚ್ಚಬಾರದು. ಅಮೆರಿಕದ ಸೆಟ್ಟಿನಲ್ಲಿ ಕೇಂದ್ರಗಳು ಸಿಕ್ಕರೂ ಧ್ವನಿಯ ಮೇಲ್ಸ್ತರ ತುಸು ಮಂಕಾಗಿ ಕೇಳುತ್ತದೆ. ಪ್ರಸಾರದಲ್ಲಿ ಎತ್ತಿ ಕಳಿಸಿದ ತಾರ ಧ್ವನಿಯನ್ನು ಮರಳಿ ಇಳಿಸುವ ಪ್ರಮಾಣ ಅಲ್ಲಿ 75 ಮೈಕ್ರೊಸೆಕೆಂಡ್, ಇಲ್ಲಿ 50. ಟ್ರೆಬಲ್ ಬಿರಡೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು.

ಆಂಟೆನಾವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 71 ಸೆಂ.ಮೀ. ಉದ್ದದ ಎರಡು ಅಲ್ಯುಮಿನಿಯಂ ಅಥವಾ ತಾಮ್ರದ ಕೊಳವೆಗಳನ್ನು ಒಂದೇ ಸಾಲಿನಲ್ಲಿ, ನಡುವೆ ಸಣ್ಣ ತೆರಪು ಬಿಟ್ಟು ಪಿವಿಸಿ ಪೈಪಿಗೆ ಬಿಗಿದು, ಒಂದಕ್ಕೆ ಟಿವಿ ಕೇಬಲ್ಲಿನ ನಡುತಂತಿಯನ್ನೂ ಇನ್ನೊಂದಕ್ಕೆ ಅದರ ಹೊರಜಾಲರಿಯನ್ನೂ ಸೇರಿಸಿ, ಕೇಬಲ್ಲಿನ ಮತ್ತೊಂದು ತುದಿಯನ್ನು ಸೆಟ್ಟಿನ 75 ಓಮ್ ಗುರುತಿನ ಜಾಗಕ್ಕೆ ಕೊಡಬೇಕು. ಇಂತಹ ಆಂಟೆನಾ ತನ್ನ ಉದ್ದಕ್ಕೆ ಅಡ್ಡಲಾದ ಎರಡೂ ದಿಕ್ಕುಗಳಿಂದ ಚೆನ್ನಾಗಿ ಹಿಡಿಯುತ್ತದೆ. ಮಂಡ್ಯ, ಮದ್ದೂರುಗಳಿಂದ ನೋಡಿದರೆ ಮೈಸೂರು ನೈಋತ್ಯಕ್ಕೂ ಬೆಂಗಳೂರು ಈಶಾನ್ಯಕ್ಕೂ ಬಹುಮಟ್ಟಿಗೆ ಒಂದೇ ಗೆರೆಯಲ್ಲಿರುವುದರಿಂದ, ಕೊಳವೆಗಳನ್ನು ವಾಯವ್ಯದಿಂದ ಆಗ್ನೇಯಕ್ಕೆ ಮಲಗಿಸಿದರೆ ಎರಡೂ ನಗರಗಳಿಗೆ ಒಂದೇ ಆಂಟೆನಾ ಮುಖ ಮಾಡಿದಂತಾಗುತ್ತದೆ. ಮಳವಳ್ಳಿಗೆ ಈ ಅನುಕೂಲವಿಲ್ಲ. ಅಲ್ಲಿಂದ ಮೈಸೂರು ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೂ ಬೆಂಗಳೂರು ಈಶಾನ್ಯಕ್ಕೂ ಬೀಳುವುದರಿಂದ ಯಾವುದಾದರೊಂದನ್ನು ಆಯ್ದುಕೊಳ್ಳಬೇಕು, ಇಲ್ಲವೇ ತಿರುಗಿಸಲು ಬರುವಂತೆ ಕಟ್ಟಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮೋಡ ಕಂಡಾಗ ಪ್ಲಗ್ಗಿನ ಜೊತೆಗೆ ಈ ಕೇಬಲ್ಲನ್ನೂ ಸೆಟ್ಟಿನಿಂದ ಕಿತ್ತಿಡಬೇಕು.